ಗೋಲಿ ಆಡಿದ ಕೈ

ಕ್ಲಬ್ಬಿಗೆ ಹೋಗುವ ಹುಡುಗನಿಗೆ ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ. ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಕೆ.ಆರ್. ನಗರವಾಗಲಿ, ಎಚ್.ಡಿ. ಕೋಟೆಯಾಗಲಿ, ಈ ಒಂದು ವಿಷಯದಲ್ಲಿ ನಾಲ್ಕೂ ತಾಲ್ಲೂಕಿನದು ಒಂದೇ ಮತ. ಹುಡುಗ ಕುಡೀತಾನಾ ಅಂತ ನೇರವಾಗಿ ಕೇಳಲು ನಾಚುವ ಹೆಣ್ಣಿನ ಕಡೆಯವರು "ಸಂಜೆ ಹೊತ್ತು ಎಲ್ಲಿರ್ತಾರೆ?" ಅಂತ ಸುತ್ತಿ ಬಳಸಿ ಕೇಳಿ ತಿಳಿದುಕೊಳ್ಳುತ್ತಾರೆ. ಕ್ಲಬ್ಬೆಂದರೆ ಇಸ್ಪೀಟು, ಇಸ್ಪೀಟೆಂದರೆ ಸಾಲ, ಸಾಲವೆಂದರೆ ಕೊನೆಗೆ ಕೆರೆ ಕೆಳಗಿನ ಗದ್ದೆ. ಇಂಥ ಖ್ಯಾತಿಯ ಒಂದು ಕಟ್ಟಡದ ಹಿಂದಿನ ಕೋಣೆಯಲ್ಲಿ, ಇಸ್ಪೀಟಿನವರು ಬಂದು ಕೂರುವುದಕ್ಕೆ ಮೊದಲಿನ ಹೊತ್ತಿನಲ್ಲಿ, ಶಾಲೆ ಬಿಟ್ಟ ಮಕ್ಕಳಿಗೆ ಪೂಲ್ ಕಲಿಸುವ ಕೆಲಸವನ್ನು ನಾನು ಮೈಮೇಲೆ ಎಳೆದುಕೊಂಡಿದ್ದೇನೆ. ಸಂಬಳವಿಲ್ಲ. ಬೈಗುಳ ಉಂಟು.

ಟೇಬಲ್ಲು ಮೈಸೂರಿನಲ್ಲಿ ಯಾವುದೋ ಪಾರ್ಲರು ಬಾಗಿಲು ಹಾಕಿದಾಗ ಅಗ್ಗಕ್ಕೆ ಬಂದದ್ದು. ಎಂಟಡಿಯದು. ಹಸಿರು ಬಟ್ಟೆಯ ಕೆಳಗಿರುವುದು ಹಲಗೆಯಲ್ಲ, ಸ್ಲೇಟು ಕಲ್ಲು. ಟೆಂಪೋದಿಂದ ಇಳಿಸಲು ಬಂದವರು "ಇದೇನ್ ಸಾ, ಒಳಗೆ ಚಪ್ಪಡಿ ಮಡಗವ್ರಾ?" ಅಂತ ಕೂಲಿ ಜಾಸ್ತಿ ಕೇಳಿದರು, ನ್ಯಾಯವೇ. ಗಾರೆ ಮೇಸ್ತ್ರಿ ರಸಮಟ್ಟ ಇಟ್ಟು, ಕಾಲಿನಡಿ ತಗಡು ಸೇರಿಸಿ, ನಾಲ್ಕು ಕಡೆಯಿಂದ ನೋಡಿ "ಸರಿಯಾಗದೆ" ಅಂದ. ಆದರೂ ಮೆಲ್ಲಗೆ ಬಿಟ್ಟ ಚೆಂಡು ಕಿಟಕಿ ಪಕ್ಕದ ಮೂಲೆಯತ್ತ ಒಂದಿಷ್ಟು ವಾಲುತ್ತದೆ. ಮಕ್ಕಳಿಗೆ ಇದು ಗೊತ್ತು. ಬೇರೆ ಊರಿಂದ ಆಡಲು ಬಂದ ದೊಡ್ಡವರಿಗೆ ಅವರು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಮೊದಲ ಪಾಠದಲ್ಲಿ ಮಕ್ಕಳಿಗೆ ಚೆಂಡೇ ಕೊಡುವುದಿಲ್ಲ. ಖಾಲಿ ಸೋಡಾ ಬಾಟಲಿಯನ್ನು ಟೇಬಲ್ಲಿನ ಮೇಲೆ ಮಲಗಿಸಿ, ಕೋಲಿನ ತುದಿಯನ್ನು ಅದರ ಬಾಯೊಳಗೆ ತೂರಿಸಿ ಹೊರಗೆ ಎಳೆಯಬೇಕು, ಗಾಜಿಗೆ ತಾಗಕೂಡದು. ನೋಡುವವರಿಗೆ ಇದೇನು ಮಹಾ ಅನ್ನಿಸುತ್ತದೆ. ಎಡಗೈಯ ಬೆರಳುಗಳನ್ನು ಬಟ್ಟೆಯ ಮೇಲೆ ಹರಡಿ, ಹೆಬ್ಬೆರಳು ಎತ್ತಿ, ಆ ಸಂದಿನಲ್ಲಿ ಕೋಲು ಇಟ್ಟು, ಭುಜ ಅಲುಗಿಸದೆ ಮೊಣಕೈಯಿಂದ ಕೆಳಗಿನ ಕೈಯನ್ನು ಮಾತ್ರ ಆಡಿಸಿ ನೋಡಿ. ಟಿಣ್ ಟಿಣ್ ಅಂತ ಬಾಟಲಿ ಬಡಿದುಕೊಳ್ಳುತ್ತದೆ. ಅದಾದ ಮೇಲೆ ಬಿಳಿ ಚೆಂಡೊಂದೇ. ಉದ್ದಕ್ಕೆ ಹೊಡೆದರೆ ಎದುರಿನ ಕುಶನ್ನಿಗೆ ತಾಗಿ ಬಂದು ನಮ್ಮ ಕೋಲಿನ ತುದಿಯನ್ನೇ ಮುಟ್ಟಬೇಕು. ನಡುವಿಗೆ ಬಿಟ್ಟು ಕೂದಲೆಳೆಯಷ್ಟು ಪಕ್ಕಕ್ಕೆ ತಾಗಿದರೂ ಅದು ವಾಪಸು ಬರುವಾಗ ಗೇಣುದ್ದ ಆಚೆ ಹೋಗಿರುತ್ತದೆ. ಅರ್ಧದಷ್ಟು ಮಕ್ಕಳು ಈ ಹಂತದಲ್ಲೇ ಕ್ರಿಕೆಟ್ಟಿಗೆ ಮರಳುತ್ತಾರೆ. ನಾನು ತಡೆಯುವುದಿಲ್ಲ.

ಎತ್ತರದ ತೊಂದರೆ ಇನ್ನೊಂದು. ಟೇಬಲ್ಲು ಸುಮಾರು ಎರಡೂವರೆ ಅಡಿ, ಕೋಲು ಐದಡಿಗೆ ಸ್ವಲ್ಪ ಕಮ್ಮಿ. ಐದನೇ ಕ್ಲಾಸಿನ ಹುಡುಗನಿಗೆ ಕೋಲೇ ತನಗಿಂತ ಉದ್ದ. ಹೊಡೆಯುವಾಗ ಒಂದು ಕಾಲಾದರೂ ನೆಲದ ಮೇಲಿರಬೇಕು ಅನ್ನುವುದು ನಿಯಮ. ಮಕ್ಕಳು ಈ ನಿಯಮವನ್ನು ಬಲು ನಿಷ್ಠೆಯಿಂದ ಪಾಲಿಸುತ್ತಾರೆ: ಒಂದು ಹೆಬ್ಬೆಟ್ಟು ನೆಲದ ಮೇಲೆ, ಉಳಿದ ದೇಹವೆಲ್ಲ ಟೇಬಲ್ಲಿನ ಮೇಲೆ. ಬಟ್ಟೆ ಹರಿದರೆ ದುಡ್ಡು ನಾನೇ ಕಟ್ಟಬೇಕು ಅಂತ ಸೆಕ್ರೆಟರಿ ಮೊದಲೇ ಬರೆಸಿಕೊಂಡಿದ್ದಾರೆ. ಅದಕ್ಕೇ ಒಂದು ಹಳೇ ಕೋಲನ್ನು ಬಡಗಿ ಹತ್ತಿರ ಒಯ್ದು ಕುಯ್ಯಿಸಿದೆ. ಕುಯ್ಯುವುದಾದರೆ ದಪ್ಪ ಬುಡದ ಕಡೆ ಕುಯ್ಯಬೇಕು. ತುದಿಯ ಕಡೆ ಕುಯ್ದರೆ ಉಳಿಯುವುದು ಒನಕೆ. ಬುಡ ಹೋದರೆ ಭಾರ ಮುಂದಕ್ಕೆ ಸರಿಯುತ್ತದೆ ನಿಜ, ಆದರೆ ಪುಟ್ಟ ಕೈಗಳು ಅದಕ್ಕೆ ಬೇಗ ಒಗ್ಗಿಕೊಳ್ಳುತ್ತವೆ.

ಇನ್ನು ನಾನು ಬಹಳ ದಿನದಿಂದ ಹೇಳಬೇಕೆಂದುಕೊಂಡಿರುವ ಮಾತು. ಪೂಲ್ ಕಲಿಯಲು ಕೇರಂ ಒಳ್ಳೆಯ ಮೆಟ್ಟಿಲು ಅಂತ ಎಲ್ಲರೂ ನಂಬಿದ್ದಾರೆ. ಕೇರಂ ಬಾರದ ಮನೆ ನಮ್ಮಲ್ಲಿಲ್ಲ. ಗಣಪತಿ ಕೂರಿಸುವ ಸಂಘದಲ್ಲಿ, ಸಲೂನಿನ ಪಕ್ಕದ ಖಾಲಿ ಜಾಗದಲ್ಲಿ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಲ್ಲಿ, ಎಲ್ಲಿ ನೋಡಿದರೂ ನಾಲ್ಕು ಜನ ಬೋರ್ಡಿನ ಮೇಲೆ ಬಾಗಿರುತ್ತಾರೆ, ಎಂಟು ಜನ ಹಿಂದೆ ನಿಂತು ಸಲಹೆ ಕೊಡುತ್ತಿರುತ್ತಾರೆ. ಕೇರಂ ಆಡಿದ ಹುಡುಗನಿಗೆ ಕೋನ ಕಲಿಸಬೇಕಾಗಿಲ್ಲ, ಕುಶನ್ನಿಗೆ ಹೊಡೆದು ತಿರುಗಿಸುವುದನ್ನೂ ಹೇಳಿಕೊಡಬೇಕಾಗಿಲ್ಲ. ಕೆ.ಆರ್. ನಗರದಿಂದ ಅಜ್ಜಿ ಮನೆಗೆ ಬಂದ ಒಬ್ಬ ಹುಡುಗ ಮೊದಲ ದಿನವೇ ಎರಡು ಕುಶನ್ ತಾಗಿಸಿ ಚೆಂಡು ಹಾಕಿಬಿಟ್ಟ. ಯಡತೊರೆಯಿಂದ ಎದ್ದು ಬಂದು ನೇರ ನೇರ ರಸ್ತೆಗಳ ಮೇಲೆ ನಿಂತ ಊರು ಅದು, ಅಲ್ಲಿಯವರಿಗೆ ತಿರುವು ಲೆಕ್ಕ ಹಾಕುವುದು ಹುಟ್ಟಿನಿಂದ ಬಂದಿರಬೇಕು.

ಆದರೆ ಕೇರಂ ಹುಡುಗ ಒಂದು ಕಡೆ ಮುಗ್ಗರಿಸುತ್ತಾನೆ. ಚೆಂಡು ಪಾಕೆಟ್ಟಿಗೆ ಹೋಗುತ್ತದೆ, ಬಿಳಿ ಚೆಂಡು ಮಾತ್ರ ಅವನು ಎಣಿಸಿದ ಜಾಗದಲ್ಲಿ ಇರುವುದಿಲ್ಲ. ಕಾರಣ ತೂಕ. ಕೇರಂ ಕಾಯಿನ್ನು ಐದು ಗ್ರಾಮಿನ ಆಸುಪಾಸು, ಸ್ಟ್ರೈಕರ್ರು 15 ಗ್ರಾಮಿನವರೆಗೂ ಇರಬಹುದು. ಮೂರು ಪಾಲು ತೂಗುವವನು ಹಗುರದವನಿಗೆ ಗುದ್ದಿದರೆ ಅವನನ್ನು ತಳ್ಳಿಕೊಂಡು ತಾನೂ ಮುಂದೆ ಹೋಗುತ್ತಾನೆ. ಪೂಲ್‌ನಲ್ಲಿ ಹಾಗಲ್ಲ. ಬಿಳಿಯೂ ಬಣ್ಣದ್ದೂ ಹೆಚ್ಚುಕಮ್ಮಿ ಒಂದೇ ತೂಕ, 160-170 ಗ್ರಾಂ. ನೇರವಾಗಿ, ಉರುಳದೆ ಜಾರಿಕೊಂಡು ಹೋಗಿ ತಾಗಿದರೆ ಬಿಳಿ ತನ್ನ ವೇಗವನ್ನೆಲ್ಲ ಎದುರಿನದಕ್ಕೆ ಕೊಟ್ಟು ಅಲ್ಲೇ ನಿಂತುಬಿಡುತ್ತದೆ. ಓರೆಯಾಗಿ ತಾಗಿದರೆ ಎರಡೂ ಹೆಚ್ಚುಕಮ್ಮಿ ಲಂಬಕೋನದಲ್ಲಿ ಬೇರೆಯಾಗಿ ಹೋಗುತ್ತವೆ.

ಇದನ್ನು ಮೊದಲೇ ಬಲ್ಲ ಮಕ್ಕಳು ಯಾರು? ಗೋಲಿ ಆಡಿದವರು. ಗೋಲಿಗೆ ಗೋಲಿ ಸಮತೂಕ. ನಡುಬೆರಳಿಗೆ ಗೋಲಿ ಒತ್ತಿ, ಹಿಂದಕ್ಕೆ ಬಗ್ಗಿಸಿ ಬಿಟ್ಟರೆ ಅದು ಗಾಳಿಯಲ್ಲೇ ಹಾರಿ ಹೋಗಿ ಎದುರಿನ ಗೋಲಿಯ ನೆತ್ತಿಗೆ ಬಡಿಯುತ್ತದೆ. ಅದು ಆಚೆ ಚಿಮ್ಮುತ್ತದೆ, ಇದು ಅದು ಕೂತಿದ್ದ ಜಾಗದಲ್ಲಿ ಕೂರುತ್ತದೆ. ಆ ಜಾಗ ಗುಳಿಗೆ ಹತ್ತಿರವಿದ್ದರೆ ಮುಂದಿನ ಏಟು ಸಲೀಸು. ಎದುರಾಳಿಯದನ್ನು ಓಡಿಸುವುದು ಅರ್ಧ ಕೆಲಸ, ತನ್ನದು ಎಲ್ಲಿ ನಿಲ್ಲುತ್ತದೆ ಅನ್ನುವುದು ಉಳಿದರ್ಧ ಅಂತ ಗೋಲಿ ಆಡುವ ಹುಡುಗನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅವನ ಕೈಗೇ ಗೊತ್ತಿರುತ್ತದೆ. 1835ರಲ್ಲಿ ಫ್ರಾನ್ಸಿನ ಕೊರಿಯೋಲಿಸ್ ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಮೇಲೆ ಒಂದು ಇಡೀ ಪುಸ್ತಕ ಬರೆದ. ಗಾಳಿಯ ಸುಳಿಗಳಿಗೆ ಸಂಬಂಧಿಸಿ ಶಾಲೆಯ ಭೂಗೋಳದಲ್ಲಿ ಹೆಸರು ಬರುವ ಅದೇ ಕೊರಿಯೋಲಿಸ್. ಪುಸ್ತಕವನ್ನು ನಾನು ಓದಿಲ್ಲ, ಓದಿದರೆ ಅರ್ಥವಾಗುವ ಭರವಸೆಯೂ ಇಲ್ಲ. ಎಚ್.ಡಿ. ಕೋಟೆ ಕಡೆ ಹಳ್ಳಿಯಿಂದ ಬಂದು ಹಾಸ್ಟೆಲ್ಲಿನಲ್ಲಿರುವ ಹುಡುಗರು ಕೋಲು ಹಿಡಿದ ಕೆಲವೇ ದಿನದಲ್ಲಿ ಬಿಳಿ ಚೆಂಡನ್ನು ನಿಲ್ಲಿಸುವುದನ್ನು ನೋಡಿದಾಗ ನನಗೆ ಆತನ ನೆನಪಾಗುತ್ತದೆ. ಅವರ ಊರಲ್ಲಿ ಇನ್ನೂ ಮಣ್ಣಿನ ಅಂಗಳವಿದೆ. ಪಟ್ಟಣದ ನಮ್ಮ ಬೀದಿಗೆಲ್ಲ ಕಾಂಕ್ರೀಟು ಬಿದ್ದಿದೆ. ಕಾಂಕ್ರೀಟಿನಲ್ಲಿ ಗುಳಿ ತೋಡುವವರು ಯಾರು? ಆಟಗಳು ಮೊಬೈಲಿನಿಂದ ಸತ್ತವು ಅಂತ ಎಲ್ಲರೂ ಗೊಣಗುತ್ತಾರೆ. ಗೋಲಿಯ ಮಟ್ಟಿಗೆ ನಾನು ಕಾಂಟ್ರಾಕ್ಟರನ್ನು ದೂರುತ್ತೇನೆ.

ಕೋಟೆ ಹುಡುಗರ ಮಾತು ಬಂದದ್ದರಿಂದ ಆನೆಯ ಮಾತೂ ಬರಲೇಬೇಕು. ಈಗಿನ ಚೆಂಡುಗಳು ರಾಳದ ಪ್ಲಾಸ್ಟಿಕ್ಕಿನವು. ಹಿಂದೆ ಬಿಲಿಯರ್ಡ್ಸ್ ಚೆಂಡೆಂದರೆ ಆನೆಯ ದಂತ. ಚೆಂಡು ಒಂದೇ ಸಮ ಉರುಳಬೇಕಾದರೆ ದಂತದ ನಡುಭಾಗವನ್ನೇ ಕಡೆಯಬೇಕು, ಹಾಗಾಗಿ ಒಂದು ದಂತಕ್ಕೆ ಕೆಲವೇ ಚೆಂಡು. ಆಟ ಜನಪ್ರಿಯವಾದಂತೆ ದಂತಕ್ಕೆ ಬರ ಬಂತು. 1863ರ ಸುಮಾರಿಗೆ ನ್ಯೂಯಾರ್ಕಿನ ಬಿಲಿಯರ್ಡ್ಸ್ ಸಾಮಾನಿನ ಕಂಪನಿಯೊಂದು, ದಂತಕ್ಕೆ ಬದಲಿ ಹುಡುಕಿಕೊಟ್ಟವರಿಗೆ ಹತ್ತು ಸಾವಿರ ಡಾಲರ್ ಅಂತ ಸಾರಿತು. ಜಾನ್ ವೆಸ್ಲಿ ಹಯಾಟ್ ಎಂಬಾತ ಆ ಗುಂಗಿನಲ್ಲಿ ಸೆಲ್ಯುಲಾಯ್ಡ್ ಮಾಡಿದ. ಸಿನಿಮಾದ ರೀಲು ಬಂದದ್ದು ಅದೇ ವಸ್ತುವಿನಿಂದ. ನಮ್ಮ ಕಾಕನಕೋಟೆಯಲ್ಲಿ ಮಹಾರಾಜರ ಖೆಡ್ಡಾ ನಡೆದು ಆನೆ ಹಿಡಿಯುತ್ತಿದ್ದುದು, ಕೊನೆಯ ಖೆಡ್ಡಾ 1971ರಲ್ಲಿ ಆದದ್ದು, ಆ ಜಾಗ ಆಮೇಲೆ ಕಬಿನಿ ಹಿನ್ನೀರಿಗೆ ಸೇರಿದ್ದು, ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಆನೆಗಳು ಪಾರಾದ ಕಥೆಗೆ ಮಕ್ಕಳು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಕಾಡಂಚಿನ ಹಳ್ಳಿಯ ಹುಡುಗನೊಬ್ಬ ಕೇಳಿದ: "ಸಾ, ಇನ್ನೂ ದಂತದಲ್ಲೇ ಮಾಡ್ತಿದ್ರೆ ನಮ್ ಬಾಳೆ ತೋಟ ಉಳ್ಕತಿತ್ತಲ್ವಾ?" ಪಟ್ಟಣದ ಮಕ್ಕಳು ಅಯ್ಯೋ ಅಂದರು. ಅವನು ಬೇರೇನೂ ಹೇಳದೆ ಕೋಲಿನ ತುದಿಗೆ ಚಾಕ್ ಹಚ್ಚಿದ. ಆನೆ ನುಗ್ಗಿದ ಮಾರನೆಯ ಬೆಳಗ್ಗೆ ತೋಟ ಹೇಗಿರುತ್ತದೆ ಅಂತ ಆ ಕೋಣೆಯಲ್ಲಿ ನೋಡಿದ್ದವನು ಅವನೊಬ್ಬನೇ.

ಈ ಆಟ ವಿಲಾಯಿತಿಯದು, ನಮಗೇಕೆ ಅನ್ನುವ ಹಿರಿಯರೂ ಇದ್ದಾರೆ. ಅವರಿಗೆ ನಾನು ಊಟಿ ತೋರಿಸುತ್ತೇನೆ. ಪೂಲ್‌ನ ದಾಯಾದಿ ಸ್ನೂಕರ್ ಹುಟ್ಟಿದ್ದೇ ಹಿಂದೂಸ್ಥಾನದಲ್ಲಿ: 1875ರಲ್ಲಿ ಜಬಲ್ಪುರದ ಮಳೆಗಾಲ, ಬೇಸರ ಹಿಡಿದ ಸೇನಾಧಿಕಾರಿಗಳು, ನೆವಿಲ್ ಚೇಂಬರ್ಲಿನ್ ಎಂಬ ತರುಣ ಅಧಿಕಾರಿ. (ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡ ಪ್ರಧಾನಿ ಬೇರೆ.) ಆಟದ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸುಮಾರು 125 ಕಿಲೋಮೀಟರು. ನಮ್ಮ ಶಾಲೆಗಳ ಟೂರು ವರ್ಷಾ ವರ್ಷಾ ಹೋಗಿ ಬೊಟಾನಿಕಲ್ ಗಾರ್ಡನ್ ನೋಡಿ, ವರ್ಕಿ ಕಟ್ಟಿಸಿಕೊಂಡು ಬರುವ ಊರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಆಟದಲ್ಲಿ ಮೊದಲ ವಿಶ್ವ ಪ್ರಶಸ್ತಿ ತಂದವರೂ ಕೋಲು ಹಿಡಿದವರೇ: ವಿಲ್ಸನ್ ಜೋನ್ಸ್, 1958, ಕಲ್ಕತ್ತ, ಬಿಲಿಯರ್ಡ್ಸ್. ಬೆಂಗಳೂರಿನ ಪಂಕಜ್ ಅಡ್ವಾಣಿ ಅಣ್ಣನ ಹಿಂದೆ ಪಾರ್ಲರಿಗೆ ಹೋದ ಹುಡುಗ, ಅರವಿಂದ್ ಸವೂರರ ಕೈಯಲ್ಲಿ ಪಳಗಿ, 2003ರಲ್ಲಿ ಹದಿನೆಂಟನೇ ವಯಸ್ಸಿಗೆ ಸ್ನೂಕರಿನಲ್ಲಿ ವಿಶ್ವ ಚಾಂಪಿಯನ್ನಾದರು. ಈಗ ಅವರ ವಿಶ್ವ ಪ್ರಶಸ್ತಿಗಳು 25 ದಾಟಿವೆ. ಇಷ್ಟು ಹೇಳಿದ ಮೇಲೆ ಹಿರಿಯರು "ಸರಿ ಬುಡಿ, ಆದ್ರೂ ಕ್ಲಬ್ಬು ಕ್ಲಬ್ಬೇಯ" ಅನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ; ಅವರಲ್ಲಿ ಕೆಲವರು ಹೇಳಿ ಮುಗಿಸಿ ಮುಂದಿನ ಕೋಣೆಯ ಇಸ್ಪೀಟಿಗೆ ಹೋಗಬೇಕಾಗಿರುತ್ತದೆ.

ಜೂಜಿನ ಭಯ ಮಾತ್ರ ಸುಳ್ಳಲ್ಲ. ಪಾರ್ಲರುಗಳಲ್ಲಿ ಸೋತವನು ಟೇಬಲ್ ದುಡ್ಡು ಕೊಡಬೇಕು ಅನ್ನುವುದು ರೂಢಿ, ಅದು ಇನ್ನೂರು ಮುನ್ನೂರಕ್ಕೆ ಏರಲು ಒಂದು ಸಂಜೆ ಸಾಕು. ನಮ್ಮಲ್ಲಿ ಸೋತವರು ಬಟ್ಟೆಗೆ ಬ್ರಶ್ ಹಾಕಬೇಕು, ಹದಿನೈದು ಚೆಂಡು ತ್ರಿಕೋನದಲ್ಲಿ ಜೋಡಿಸಿಕೊಡಬೇಕು. ಇದರಿಂದ ಒಂದು ಅನಿರೀಕ್ಷಿತ ಫಲ ಸಿಕ್ಕಿದೆ. ಎಂದೂ ಗೆಲ್ಲದ ಒಬ್ಬ ಹುಡುಗ ಈಗ ಬ್ರಶ್ ಹಾಕುವುದರಲ್ಲಿ ಪರಿಣತ, ಬಟ್ಟೆಯ ರೋಮ ಯಾವ ಕಡೆ ಮಲಗಿದೆ ಅಂತ ಅಂಗೈ ಸವರಿ ಹೇಳುತ್ತಾನೆ, ಅವನ ಮಾತು ಕೇಳದೆ ದೊಡ್ಡವರೂ ಆಟ ಶುರು ಮಾಡುವುದಿಲ್ಲ.

ಹೊಗೆಸೊಪ್ಪಿನ ಕಾಲ ಬಂದರೆ ಕೋಣೆ ಅರ್ಧ ಖಾಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಮನೆಗಳಲ್ಲಿ ಬ್ಯಾರನ್ನಿಗೆ ಬೆಂಕಿ ಬಿದ್ದ ಮೇಲೆ ಸೊಪ್ಪು ಕಟ್ಟಲು ಎಲ್ಲ ಕೈಯೂ ಬೇಕು. ಆಮೇಲೆ ಹರಾಜು ಶುರುವಾಗಿ, ಬೇಲು ಮಾರಿದ ದುಡ್ಡು ಬಂದಾಗ ಮಕ್ಕಳೂ ಬರುತ್ತಾರೆ, ಮುಂದಿನ ಕೋಣೆಯೂ ತುಂಬುತ್ತದೆ. ಆ ತಿಂಗಳುಗಳಲ್ಲಿ ನಡುವಿನ ಬಾಗಿಲಿಗೆ ಚಿಲಕ ಹಾಕಿಸುವುದು ನನ್ನ ಹಟ.

ಹೋದ ಸಲ ಹಾಗೆ ಚಿಲಕ ಹಾಕಿದ ಹೊತ್ತಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಹಿಂದಿನ ಬಾಗಿಲಿಗೆ ಬಂದರು. "ಅಣ್ಣಾ, ಹೆಣ್ಮಕ್ಕಳಿಗೂ ಹೇಳ್ಕೊಡ್ತೀರಾ? ಇವಳು ಮನೇಲಿ ಕೋಲು ಸಿಕ್ಕಿದ್ರೆ ನಿಂಬೆಹಣ್ಣಿಗೆಲ್ಲ ಹೊಡೀತಾವ್ಳೆ." ಆ ಹುಡುಗಿಗೆ ನಾನು ಆರ್. ಉಮಾದೇವಿ ನಾಗರಾಜ್ ಅವರ ಕಥೆ ಹೇಳಿದೆ. ಬೆಂಗಳೂರಿನಲ್ಲಿ ಸರ್ಕಾರಿ ನೌಕರರು. ಕಬ್ಬನ್ ಪಾರ್ಕಿನ ನೌಕರರ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದರು. ಆ ಟೇಬಲ್ಲು ಖಾಲಿ ಸಿಗದೆ ಪಕ್ಕದ ಬಿಲಿಯರ್ಡ್ಸ್ ಕಡೆ ಹೊರಳಿದರು. 2012ರಲ್ಲಿ ಇಂಗ್ಲೆಂಡಿಗೆ ಹೋಗಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದು ಬಂದರು. ಹುಡುಗಿ ಕೋಣೆಯನ್ನು ಒಮ್ಮೆ ಸುತ್ತ ನೋಡಿ, "ಇಲ್ಲಿ ಟೀಟಿ ಟೇಬಲ್ಲೇ ಇಲ್ವಲ್ಲ ಅಂಕಲ್" ಅಂದಳು, ಇನ್ನೇನು ತೊಂದರೆ ಅನ್ನುವ ಧಾಟಿಯಲ್ಲಿ.

ಮಕ್ಕಳಿಗಾಗಿ ಒಂದು ಟೇಬಲ್ ಟೆನಿಸ್ ಟೇಬಲ್ಲು ತರಿಸಬೇಕು ಅನ್ನುವ ಅರ್ಜಿ ಈಗ ಕಮಿಟಿಯ ಮುಂದಿದೆ. ನಾನು ವಿರೋಧಿಸಿದ್ದೇನೆ.