ಕಂಪ್ಯೂಟರಿಗೊಂದು ಬೆಳಕಿಂಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಗಳಿಯ ಬೀದಿಗಳಲ್ಲಿ ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಅಂಥ ಒಂದು ಮಧ್ಯಾಹ್ನ ಊರಿನ ಒಂದು ಮಾಳಿಗೆ ಮನೆಯೊಳಗಿಂದ ತಂದೆಯ ಏರಿದ ದನಿ ಬೀದಿಗೂ ಕೇಳುತ್ತಿತ್ತು. "ತಂದು ಎಂಟು ತಿಂಗಳಾಗಿಲ್ಲ. ಹಗಲೂ ರಾತ್ರಿ ಆಟ ಆಡಿ ಕೆಡಿಸಿ ಇಟ್ಟೀಯಲ್ಲೋ!" ಮಗ ಉತ್ತರ ಕೊಡಲಿಲ್ಲ. ಅವನ ಎದುರಿಗೆ ಕಂಪ್ಯೂಟರಿನ ಪರದೆ ಕಪ್ಪಾಗಿ ನಿಂತಿತ್ತು. ಒಂದು ನಿಮಿಷದ ಹಿಂದೆ ಅದರ ಮೇಲೆ ಅವನು ಬರೆಯುತ್ತಿದ್ದ ಪ್ರಾಜೆಕ್ಟಿನ ಹದಿನೇಳನೆಯ ಪುಟವಿತ್ತು.

ಆ ಕಂಪ್ಯೂಟರು ಹೊಸದೇನಲ್ಲ. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ಸಾಲದ ಕಂತು ಕಟ್ಟಿ ಉಳಿದದ್ದರಲ್ಲಿ 14,000 ರೂಪಾಯಿ ಕೊಟ್ಟು, ದಾವಣಗೆರೆಯಿಂದ ತಂದ ಬಳಸಿದ ಯಂತ್ರ. ಮಗ ಪಟ್ಟಣದ ಕಾಲೇಜಿನಲ್ಲಿ ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದ. ಪ್ರಾಜೆಕ್ಟು ಒಪ್ಪಿಸಲು ಇಪ್ಪತ್ತು ದಿನ ಉಳಿದಿತ್ತು. ಪಟ್ಟಣದ ಅಂಗಡಿಯೊಂದಕ್ಕೆ ಫೋನು ಮಾಡಿ ಕೇಳಿದಾಗ ಯಂತ್ರವನ್ನು ನೋಡದೆಯೇ ಉತ್ತರ ಬಂತು: "ಮದರ್‌ಬೋರ್ಡು ಹೋಗಿದೆ. ಏಳೆಂಟು ಸಾವಿರ ಆಗುತ್ತದೆ." ಆ ಮಾತು ಕೇಳಿದ ಮೇಲೆ ತಂದೆ ಅದನ್ನು ಬಂದಷ್ಟಕ್ಕೆ ಮಾರಿಬಿಡುವ ಯೋಚನೆಗೆ ಬಂದಿದ್ದರು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಮಗ ಓದುತ್ತೇನೆಂದು ಹೇಳಿ ಆಟವಾಡುತ್ತಿದ್ದಾನೆ ಎಂಬ ಅನುಮಾನ ಅವರನ್ನು ಕೊರೆಯುತ್ತಿತ್ತು. ಮಗನಿಗೂ ನೋವಾದದ್ದು ಅದಕ್ಕೇ.

ಆದರೆ ಹುಡುಗನಿಗೆ ಒಂದು ಸಂಗತಿ ಹೊಳೆದಿತ್ತು. ಯಂತ್ರ ಆರಿಹೋಗುತ್ತಿದ್ದುದು ಮಧ್ಯಾಹ್ನ ಮಾತ್ರ. ರಾತ್ರಿ ಹತ್ತರ ನಂತರ, ಬೆಳಗಿನ ಜಾವ ಅದು ಚಕಾರವೆತ್ತದೆ ನಡೆಯುತ್ತಿತ್ತು. ನಿಜವಾಗಿ ಮದರ್‌ಬೋರ್ಡು ಹೋಗಿದ್ದರೆ ಅದಕ್ಕೆ ಹೊತ್ತು ಗೊತ್ತಾಗುವುದು ಹೇಗೆ? ಅವನು ಹಳೆಯ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ: ಸಮಯ, ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ. ಕೋಣೆಯದಕ್ಕೆ ಗೋಡೆಗೆ ತೂಗುಹಾಕುವ ಉಷ್ಣತಾಮಾಪಕ, ಪ್ರೊಸೆಸರಿನದಕ್ಕೆ ಉಷ್ಣತೆ ತೋರಿಸುವ ಒಂದು ಉಚಿತ ತಂತ್ರಾಂಶ. ಸಮಯ ಯಾವುದಾದರೂ ಕೆಲಸ ಮಾತ್ರ ಒಂದೇ ಇರಬೇಕೆಂದು ಒಂದೇ ಪ್ರೋಗ್ರಾಮನ್ನು ಪ್ರತಿ ಸಲವೂ ಓಡಿಸಿದ.

ಕಂಪ್ಯೂಟರು ಬಿಸಿಯಾಗುವುದೇಕೆ ಎಂಬುದು ಹತ್ತನೆಯ ತರಗತಿಯ ವಿಜ್ಞಾನ ಓದಿದವರಿಗೆ ಹೊಸತಲ್ಲ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖ ಹುಟ್ಟುವ ಲೆಕ್ಕವನ್ನು ಜೇಮ್ಸ್ ಪ್ರೆಸ್ಕಾಟ್ ಜೌಲ್ 1841ರಲ್ಲೇ ತೋರಿಸಿಕೊಟ್ಟಿದ್ದ. ಇಸ್ತ್ರಿ ಪೆಟ್ಟಿಗೆಯಲ್ಲಿ ನಮಗೆ ಬೇಕಾದ ಆ ಶಾಖ ಕಂಪ್ಯೂಟರಿನಲ್ಲಿ ಬೇಡವಾದ ನೆಂಟ. ಕಂಪ್ಯೂಟರು ಎಳೆದುಕೊಂಡ ವಿದ್ಯುತ್ತು ಲೆಕ್ಕ ಮಾಡಿ, ಚಿತ್ರ ಬರೆದು, ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಶಾಖವಾಗಿಯೇ ಹೊರಬೀಳುತ್ತದೆ. 120 ವ್ಯಾಟಿನ ಪೆಟ್ಟಿಗೆಯೆಂದರೆ 60 ವ್ಯಾಟಿನ ಎರಡು ಹಳೇ ಬಲ್ಬುಗಳನ್ನು ಒಂದು ತಗಡಿನ ಡಬ್ಬಿಯೊಳಗೆ ಉರಿಸಿಟ್ಟಂತೆ.

ಈ ತೊಂದರೆ ಕಂಪ್ಯೂಟರಿನಷ್ಟೇ ಹಳೆಯದು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜನರ ಮುಂದೆ ಬಂದ 'ಎನಿಯಾಕ್' ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಒಂದು ದೊಡ್ಡ ಕೋಣೆಯನ್ನೇ ತುಂಬಿದ್ದ ಆ ಯಂತ್ರಕ್ಕೆ ಗಾಳಿ ಊದಿ ತಂಪು ಮಾಡುವ ಏರ್ಪಾಡು ಬೇಕಾಗಿತ್ತು. ಮುಂದೆ ಯಂತ್ರ ಚಿಕ್ಕದಾಯಿತು, ಆದರೆ ಶಾಖ ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಟ್ಟುಗೂಡಿತು. 1993ರಲ್ಲಿ ಪೆಂಟಿಯಂ ಬಂದ ಮೇಲೆ ಪ್ರೊಸೆಸರಿನ ತಲೆಯ ಮೇಲೆಯೇ ಒಂದು ಪುಟ್ಟ ಫ್ಯಾನು ಕೂರುವುದು ಸಾಮಾನ್ಯವಾಯಿತು.

ನಾಲ್ಕು ದಿನದಲ್ಲಿ ಹುಡುಗನ ಕಾಲಂಗಳು ಮಾತನಾಡತೊಡಗಿದವು. ಬೆಳಿಗ್ಗೆ ಆರಕ್ಕೆ ಕೋಣೆ 28 ಡಿಗ್ರಿ, ಪ್ರೊಸೆಸರು 82. ಮಧ್ಯಾಹ್ನ ಒಂದಕ್ಕೆ ಕೋಣೆ 39, ಪ್ರೊಸೆಸರು 93. ಕಳೆದು ನೋಡಿದರೆ ಎರಡು ಹೊತ್ತೂ ವ್ಯತ್ಯಾಸ 54 ಡಿಗ್ರಿ! ಕೋಣೆ ಎಷ್ಟು ಏರಿತೋ ಪ್ರೊಸೆಸರೂ ಅಷ್ಟೇ ಏರಿತ್ತು. ಇದೆಲ್ಲ ಹೊದಿಕೆ ತೆಗೆದಿಟ್ಟಾಗಿನ ಲೆಕ್ಕ. ಹೊದಿಕೆ ಇಳಿಬಿಟ್ಟ ದಿನ ಮಾತ್ರ ಅರ್ಧ ಗಂಟೆಯಲ್ಲಿ ಉಷ್ಣತೆ ನೂರರ ಹತ್ತಿರ ಹೋಗಿ ಯಂತ್ರ ಗಪ್ಪನೆ ಆರಿಹೋಯಿತು.

ಈ ಹೊದಿಕೆಯ ಕಥೆಯನ್ನೂ ಹೇಳಬೇಕು. ಮನೆಗೆ ಕಂಪ್ಯೂಟರು ಬಂದ ದಿನ ಅಜ್ಜಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ದಪ್ಪ ಗೋಡೆಯಲ್ಲಿದ್ದ ದೊಡ್ಡ ಗೂಡನ್ನು ಒರೆಸಿ ಅದರಲ್ಲೇ ಇಡಿಸಿದ್ದಳು. ದನದ ಧೂಳು, ಅಡಿಗೆಯ ಹೊಗೆ ಬೀಳದಿರಲೆಂದು ಹೂಬಳ್ಳಿ ಹೆಣೆದ ದಪ್ಪ ಬಟ್ಟೆಯೊಂದನ್ನು ಮೇಲಿನಿಂದ ಇಳಿಬಿಟ್ಟಿದ್ದಳು. ಮೊಮ್ಮಗ ಕೆಲಸ ಮಾಡುವಾಗಲೂ ಹಿಂಬದಿಯ ಬಟ್ಟೆ ಹಾಗೇ ಇರುತ್ತಿತ್ತು. ಅಜ್ಜಿಯ ಅಕ್ಕರೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಗಾಳಿಗೆ.

ಐದನೆಯ ದಿನ ಹುಡುಗ ನೋಟುಬುಕ್ಕನ್ನು ತಂದೆಯ ಮುಂದೆ ಇಟ್ಟ. ಅಂಕಿಗಳನ್ನು ನೋಡಿ ಅವರು ಏನೂ ಹೇಳಲಿಲ್ಲ. ಎದ್ದು ಹೋಗಿ ಗೂಡಿನೊಳಗೆ ಕೈಚಾಚಿ ಪೆಟ್ಟಿಗೆಯ ಹಿಂಬದಿ ಮುಟ್ಟಿದರು. ತಕ್ಷಣ ಕೈ ಹಿಂದೆಳೆದು, "ಏ ತಮ್ಮಾ, ಇದು ಹಸಿ ಮೆಕ್ಕೆಜೋಳದ ರಾಶಿ ಕಾದಂಗ ಕಾದೈತಲ್ಲೋ. ರಾಶಿ ಕಾದ್ರೆ ಏನ್ ಮಾಡ್ತೀವಿ? ಹರವ್ತೀವಿ, ಗಾಳಿ ಆಡಸ್ತೀವಿ. ಇದನ್ನ ಗೂಡಿನಾಗ ತುರುಕಿ ಮ್ಯಾಲೆ ಬಟ್ಟಿ ಹೊಚ್ಚಿದ್ರೆ ಹೆಂಗ?" ಎಂದರು.

ಕಂಪ್ಯೂಟರಿನ ಒಂದು ಕೀಲಿಯನ್ನೂ ಒತ್ತಿ ಅರಿಯದ ರೈತ ರೋಗದ ಮೂಲವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಸರಿಯಾಗಿ ಒಣಗದ ಕಾಳು ಉಸಿರಾಡುತ್ತದೆ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಎರಡರಿಂದಲೂ ಶಾಖ ಹುಟ್ಟುತ್ತದೆ. ರಾಶಿಯ ನಡುವಿನ ಶಾಖಕ್ಕೆ ಹೊರಬರಲು ದಾರಿಯಿಲ್ಲದೆ ಒಳಗೇ ಕೂಡಿಕೊಳ್ಳುತ್ತದೆ. ಶಾಖ ಹುಟ್ಟುವುದು ತಪ್ಪಲ್ಲ, ಹುಟ್ಟಿದ್ದು ಹೊರಗೆ ಹೋಗದಿರುವುದೇ ತಪ್ಪು.

ಆ ಭಾನುವಾರ ತಂದೆ ಮಗ ಇಬ್ಬರೂ ಕೂತು ಕೆಲಸಕ್ಕೆ ತೊಡಗಿದರು. ಹುಡುಗನದು ಒಂದೇ ಹಟ: ಒಂದು ಸಲಕ್ಕೆ ಒಂದೇ ಬದಲಾವಣೆ. ಹೊದಿಕೆ ತೆಗೆದಾಗ ಮಧ್ಯಾಹ್ನದ ಉಷ್ಣತೆ 93 ಎಂಬುದು ಮೊದಲೇ ಗೊತ್ತಿತ್ತು. ಗೂಡಿನಿಂದ ಮೇಜಿನ ಮೇಲೆ ಇಟ್ಟು, ಗೋಡೆಗೂ ಪೆಟ್ಟಿಗೆಗೂ ಒಂದು ಗೇಣು ಜಾಗ ಬಿಟ್ಟಾಗ ಅದು 86ಕ್ಕೆ ಇಳಿಯಿತು. ಆಮೇಲೆ ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಧೂಳು ಕಂಬಳಿಯಂತೆ ಮೆತ್ತಿಕೊಂಡಿತ್ತು. ಮೆತ್ತನೆಯ ಬ್ರಷ್ಷಿನಿಂದ ತಂದೆಯೇ ಅದನ್ನು ಬಿಡಿಸಿದರು. ಫ್ಯಾನಿನ ರೆಕ್ಕೆ ತಿರುಗದಂತೆ ಮಗ ಬೆರಳಿನಿಂದ ಹಿಡಿದುಕೊಂಡ.

ಅಲ್ಲಿ ಶಾಖ ನಡೆಯುವ ದಾರಿಗೆ ಮೂರು ಹಂತ. ಮೊದಲನೆಯದು ಪ್ರೊಸೆಸರಿನಿಂದ ಲೋಹಕ್ಕೆ. ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿಯಿರುತ್ತದೆ. ತಾಮ್ರ ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಅಂದರೆ ನಿಂತ ಗಾಳಿ ಶಾಖಕ್ಕೆ ಅಡ್ಡಗೋಡೆ. ಆ ಸಂದು ತುಂಬಲು ಒಂದು ಬಗೆಯ ಪೇಸ್ಟು ಹಚ್ಚುತ್ತಾರೆ. ಇಲ್ಲಿ ಅದು ಒಣಗಿ ಸುಣ್ಣದಂತಾಗಿತ್ತು. ಒರೆಸಿ ಬಟಾಣಿ ಕಾಳಿನಷ್ಟು ಹೊಸ ಪೇಸ್ಟು ಹಾಕಿದರೆ ಸಾಕು, ಹೆಚ್ಚು ಬಳಿದರೆ ಕೆಲಸ ಕೆಡುತ್ತದೆ. ಎರಡನೆಯದು ಲೋಹದಿಂದ ಗಾಳಿಗೆ. ಹಲ್ಲುಗಳಿರುವುದು ಗಾಳಿ ಮುಟ್ಟುವ ಮೈಯನ್ನು ಹೆಚ್ಚಿಸಲು. ಧೂಳು ಮೆತ್ತಿದರೆ ಹಲ್ಲಿದ್ದೂ ಬೊಚ್ಚುಬಾಯಿ. ಮೂರನೆಯದು ಬಿಸಿಗಾಳಿ ಪೆಟ್ಟಿಗೆಯಿಂದ ಹೊರಗೆ. ಬಹಳ ಜನ ಮರೆಯುವುದು ಇದನ್ನೇ.

ಇದಕ್ಕೆ ಎಷ್ಟು ಗಾಳಿ ಬೇಕು? 120 ವ್ಯಾಟಿನ ಶಾಖವನ್ನು, ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ ಹೊರಹಾಕಲು ಸೆಕೆಂಡಿಗೆ ಸುಮಾರು 10 ಲೀಟರು ಗಾಳಿ ಹಾದುಹೋಗಬೇಕು. ಸೆಕೆಂಡಿಗೊಂದು ಮುಕ್ಕಾಲು ಕೊಡ ಗಾಳಿಯೆಂದು ತಿಳಿಯಿರಿ. 12 ಸೆಂಟಿಮೀಟರು ಅಗಲದ ಒಂದು ಸಾಧಾರಣ ಫ್ಯಾನು ಇಷ್ಟನ್ನು ಸಾಗಿಸಬಲ್ಲದು. ಆದರೆ ದಾರಿ ತೆರೆದಿರಬೇಕು. ಮುಂದಿನ ಕೆಳಭಾಗದಿಂದ ತಂಪು ಗಾಳಿ ಒಳಗೆ, ಹಿಂದಿನ ಮೇಲ್ಭಾಗದಿಂದ ಬಿಸಿಗಾಳಿ ಹೊರಗೆ. ನಡುವೆ ತಂತಿಗಳ ಗೋಜಲು ಇರಬಾರದು. ಎರಡು ಫ್ಯಾನುಗಳು ಎದುರುಬದುರಾಗಿ ಒಳಗೇ ಊದಿದರೆ ಈ ದಾರಿ ಕೆಡುತ್ತದೆ.

ಮಾಳಿಗೆ ಮನೆ ಕಟ್ಟಿದ ಹಿರಿಯರಿಗೆ ಇದು ಗೊತ್ತಿತ್ತು. ಬಾಗಿಲಿನಿಂದ ಬಂದ ಗಾಳಿ ಬಿಸಿಯಾಗಿ ಮೇಲೇರಿ ಮಾಳಿಗೆಯ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಊರಿನ ಕಲ್ಲೇಶ್ವರ ದೇವಾಲಯಕ್ಕೆ ಹೋದವರಿಗೂ ಇದರ ಅನುಭವವಾಗುತ್ತದೆ. 10ನೇ ಶತಮಾನದಷ್ಟು ಹಳೆಯದಾದ ಆ ಗುಡಿಯ ಕಂಬಗಳ ತೆರೆದ ಮಂಟಪದಲ್ಲಿ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ. ಒಂದೇ ಬಾಗಿಲಿನ ಗರ್ಭಗುಡಿಯಲ್ಲಿ ನಾಲ್ಕು ದೀಪ ಹಚ್ಚಿದರೆ ಒಳಗಿದ್ದವರ ಮೈ ಬೆವರುತ್ತದೆ. ಗೋಡೆಯ ಗೂಡಿಗೆ ಇರುವುದೂ ಒಂದೇ ಬಾಯಿ.

ಎಲ್ಲ ಜೋಡಿಸಿ ಮರುದಿನ ಮಧ್ಯಾಹ್ನ ಒಂದಕ್ಕೆ ಅದೇ ಪ್ರೋಗ್ರಾಮು ಓಡಿಸಿದರು. ಕೋಣೆ 39, ಪ್ರೊಸೆಸರು 68. ಖರ್ಚಾದದ್ದು ಪೇಸ್ಟಿನ ಕೊಳವೆಯ ಬೆಲೆ ಮಾತ್ರ.

ಅಷ್ಟಕ್ಕೆ ಅಜ್ಜಿ, "ನೀರಿನ ಕೂಲರು ಇಟ್ಟರೆ ಇನ್ನೂ ತಂಪಾಗೂದಿಲ್ಲೇನು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಫ್ಯಾನಿನ ಗಾಳಿ ನಮಗೆ ತಂಪೆನಿಸುವುದು ಮೈಯ ಬೆವರು ಆರುವುದರಿಂದ. ಕಂಪ್ಯೂಟರಿಗೆ ಬೆವರು ಬರುವುದಿಲ್ಲ. ಆದ್ದರಿಂದ ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಅದನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಕೂಲರು ಕೋಣೆಯನ್ನೇನೋ ತಂಪು ಮಾಡುತ್ತದೆ. ಆದರೆ ಅದರ ಹಸಿಗಾಳಿ ನೇರವಾಗಿ ಪೆಟ್ಟಿಗೆಗೆ ಬಡಿದರೆ ಧೂಳು ಕೆಸರಾಗಿ ಮೆತ್ತಿಕೊಳ್ಳುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ಪಕ್ಕದ ತಗಡು ಬಿಚ್ಚಿಯೇ ಇಡುವುದೂ ಜಾಣತನವಲ್ಲ. ಗಾಳಿಯ ದಾರಿ ತಪ್ಪುತ್ತದೆ, ಧೂಳು ಹೆಚ್ಚುತ್ತದೆ, ಹಲ್ಲಿ ಒಳಗೆ ಸೇರಿದರೂ ಆಶ್ಚರ್ಯವಿಲ್ಲ.

ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ನೆನಪಿಡಬೇಕಾದ ಇನ್ನೊಂದು ಮಾತಿದೆ. ಪ್ರೊಸೆಸರು ಅತಿಯಾಗಿ ಕಾದಾಗ ಮೊದಲು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಬದಲು ಆರಿಹೋಗುತ್ತದೆ. ಅಂದರೆ ಯಂತ್ರ ಆರಿದ್ದು ಕೆಟ್ಟಿದ್ದರಿಂದಲ್ಲ, ಕೆಡದಿರಲೆಂದು. ಹಾಗೆ ತನ್ನಷ್ಟಕ್ಕೆ ಮೌನವಾದ ಪ್ರತಿಯೊಂದನ್ನೂ ಕೆಟ್ಟಿತೆಂದು ತೀರ್ಮಾನಿಸುವ ಮುನ್ನ ಒಮ್ಮೆ ಕೈಯಿಟ್ಟು ನೋಡುವುದು ಒಳ್ಳೆಯದು. ಯಂತ್ರಕ್ಕೂ ಅಷ್ಟೆ, ಮಕ್ಕಳಿಗೂ ಅಷ್ಟೆ.

ಹುಡುಗನ ಪ್ರಾಜೆಕ್ಟು ಎರಡು ದಿನ ಮೊದಲೇ ಮುಗಿಯಿತು. ಅಜ್ಜಿಯ ಹೂಬಳ್ಳಿಯ ಬಟ್ಟೆ ಈಗ ಯಂತ್ರ ಆರಿಸಿ ತಣ್ಣಗಾದ ಮೇಲೆ ಮಾತ್ರ ಅದರ ಮೇಲೆ ಕೂರುತ್ತದೆ. ಆ ದಿನ ಆಡಿದ ಮಾತಿಗೆ ತಂದೆ ಏನನ್ನೂ ಹೇಳಿಲ್ಲ. ಹಳ್ಳಿಯ ತಂದೆಯರು ಹಾಗೆ ಹೇಳುವವರೂ ಅಲ್ಲ. ಆದರೆ ಮಧ್ಯಾಹ್ನ ಹೊಲದಿಂದ ಬಂದು ಕಾಲು ತೊಳೆದು ಒಳಗೆ ಬರುವಾಗ, ಮೇಜಿನ ಕಡೆ ನೋಡಿ ಒಂದು ಪ್ರಶ್ನೆ ಕೇಳುತ್ತಾರೆ: "ತಮ್ಮಾ, ಇವತ್ತು ಎಷ್ಟು ಡಿಗ್ರಿ ಐತಿ?"