ನಾಲ್ಕು ಹೊಳೆಗಳ ದಾರಿ

ಕಾರವಾರದಿಂದ ಹೊನ್ನಾವರದವರೆಗಿನ ಕಡಲಂಚನ್ನು ಮೋಟಾರು ಸೈಕಲ್ಲಿನ ಮೇಲೆ ಒಬ್ಬನೇ ಸಂಚರಿಸಿ ನೋಡಬೇಕೆಂಬ ಹಂಬಲ ನನಗೆ ಬಹುಕಾಲದಿಂದ ಇದ್ದಿತು. 2025ರ ಸಂಕ್ರಾಂತಿಯ ತರುವಾಯ ಅದು ಕೈಗೂಡಿತು. ಧಾರವಾಡದಿಂದ ಹೊರಡುವಾಗ ತಾಯಿಯವರು ಒಂದೇ ಕರಾರು ಹಾಕಿದರು: "ಒಂದೊಂದು ಹೊಳೆ ದಾಟಿದ ಮೇಲೂ ಮನೆಗೆ ಫೋನ್ ಮಾಡಬೇಕು." ಐವತ್ತರ ಅಂಚಿನಲ್ಲಿರುವ ಮಗನಿಗೆ ಇದೆಂಥ ಕಟ್ಟಳೆಯೆಂದು ಒಳಗೊಳಗೇ ನಕ್ಕೆನು.

ಸಹ್ಯಾದ್ರಿಯು ಕಡಲಿಗೆ ತೀರ ಸಮೀಪಿಸುವ ಸೀಮೆ ಇದು. ಅಲ್ಲಲ್ಲಿ ಗುಡ್ಡದ ಬಂಡೆಗಳು ನೇರವಾಗಿ ಅಲೆಗಳೊಳಗೆ ಇಳಿದಿವೆ. ರಾಷ್ಟ್ರೀಯ ಹೆದ್ದಾರಿ 66 ಕೆಲವೆಡೆ ಗುಡ್ಡಕ್ಕೂ ನೀರಿಗೂ ನಡುವಿನ ಕಿರಿದಾದ ಎಡೆಯಲ್ಲಿ ಸಾಗುತ್ತದೆ.

ಸದಾಶಿವಗಡದ ಬಳಿ ಕಾಳಿ ನದಿ ಎದುರಾಯಿತು. ಅಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿದ್ದಿತ್ತು. ಅದರ ಚಾಲಕ ಬದುಕಿ ಬಂದನು. ಹೊಸ ಸೇತುವೆಯನ್ನು ದಾಟಿ, ಮಾತು ಕೊಟ್ಟ ತಪ್ಪಿಗೆಂಬಂತೆ ಮೊದಲನೆಯ ಕರೆ ಮಾಡಿದೆನು.

ಅಂಕೋಲೆಯನ್ನು ಬಿಟ್ಟ ಮೇಲೆ ಶಿರೂರಿನಲ್ಲಿ ಗಾಡಿ ನಿಲ್ಲಿಸಿದೆನು. ರಸ್ತೆಗಾಗಿ ಕಡಿದಾಗಿ ಕತ್ತರಿಸಿದ್ದ ಗುಡ್ಡವು ಮಳೆಯಲ್ಲಿ ನೆನೆದು 2024ರ ಜುಲೈ 16ರ ಬೆಳಿಗ್ಗೆ ಜರಿದು ಬಿದ್ದ ಸ್ಥಳವದು. ಹೆದ್ದಾರಿಯ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ನಿಂತಿದ್ದ ವಾಹನಗಳು ಎಲ್ಲವೂ ಮಣ್ಣುಪಾಲಾದವು. ಗಂಗಾವಳಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಲಾರಿಯೊಂದಿಗೆ ನದಿಯಿಂದ ಮೇಲೆ ಬಂದುದು ಸೆಪ್ಟೆಂಬರ್ 25ರಂದು. ಆತನ ಮನೆಯವರು ಕಾದುದು 71 ದಿನ.

ಬೋಳಾದ ಕೆಂಪು ಗುಡ್ಡದೆದುರು ಬಹಳ ಹೊತ್ತು ನಿಂತೆನು. ಆತನೂ ನನ್ನಂತೆಯೇ ಈ ದಾರಿಯಲ್ಲಿ ಒಬ್ಬನೇ ಬಂದವನು. ಆತನ ಮನೆಯಲ್ಲಿಯೂ ಫೋನಿನ ದನಿಗೆ ಕಿವಿಗೊಟ್ಟವರು ಇದ್ದರು. ಗಂಗಾವಳಿಯನ್ನು ದಾಟಿದೊಡನೆ ಮನೆಗೆ ಕರೆ ಮಾಡಿದೆನು. ಈ ಸಲ ನಗು ಬರಲಿಲ್ಲ.

ಮುಂದೆ ವೇಗವನ್ನು ತಗ್ಗಿಸಿದೆನು. ದೊಡ್ಡ ಅಣೆಕಟ್ಟೆಯ ತಡೆಯಿಲ್ಲದೆ ಕಡಲು ಸೇರುವ ಅಘನಾಶಿನಿ, ಅದರ ಅಳಿವೆಯ ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತದ ಗದ್ದೆಗಳು, ಮಿರ್ಜಾನಿನ ಜಂಬಿಟ್ಟಿಗೆಯ ಕೋಟೆ ಇವೆಲ್ಲ ಅವಸರವಿಲ್ಲದವನ ಕಣ್ಣಿಗೆ ಮಾತ್ರ ದಕ್ಕುವಂಥವು.

ಹೊನ್ನಾವರದಲ್ಲಿ ಶರಾವತಿಯನ್ನು ದಾಟುವಾಗ ಸಂಜೆಯಾಗಿತ್ತು. ನಾಲ್ಕನೆಯ ಕರೆ. ಮೊದಲ ಗಂಟೆ ಮುಗಿಯುವ ಮುನ್ನವೇ ತಾಯಿಯವರ ದನಿ ಕೇಳಿಸಿತು. ಬೆಳಗಿನಿಂದ ಅವರು ಫೋನಿನ ಬಳಿಯಿಂದ ಏಳಲೇ ಇಲ್ಲವೆಂದು ಆಮೇಲೆ ಮಡದಿ ಹೇಳಿದಳು.