ರಾಮಗಢದ ಮೌತ್ ಆರ್ಗನ್

ಜಯನಗರ, ಬನಶಂಕರಿ ಕಡೆಯವರಿಗೆ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಲು ರಾಮದೇವರ ಬೆಟ್ಟ ಅಷ್ಟೇನೂ ದೂರವಲ್ಲ. ಮೈಸೂರು ರಸ್ತೆಯಲ್ಲಿ ರಾಮನಗರಕ್ಕೆ ಸುಮಾರು 50 ಕಿಲೋಮೀಟರು. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ. 2025ರಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೇ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟ ಮೇಲಂತೂ ಅದು ಪಕ್ಕದ ಬಡಾವಣೆಯೇ ಆಯಿತು!

ಬೆಟ್ಟದ ಬುಡಕ್ಕೆ ಬಂದ ಅಪ್ಪಂದಿರು ಮೊದಲು ಹುಡುಕುವುದು ರಾಮನನ್ನಲ್ಲ, ಗಬ್ಬರ್ ಸಿಂಗನನ್ನು. ‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರಿನಲ್ಲಿ ಇಲ್ಲಿ ಆರಂಭವಾಯಿತು. ಕೌಬಾಯ್ ಚಿತ್ರಗಳಲ್ಲಿರುವ ಕುದುರೆ, ಬಂದೂಕು, ಧೂಳು ಎಲ್ಲವೂ ಬಂದವು. ರಾಮಗಢವೆಂಬ ಹಳ್ಳಿಯನ್ನೇ ಕಟ್ಟಿದರು. ಅದೀಗ ಇಲ್ಲ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳು ಇವೆ.

ಉಳಿದಿರುವ ಇನ್ನೊಂದು ಸಂಗತಿ ಕಿವಿಗೆ ಸಂಬಂಧಿಸಿದ್ದು. ಸಂಜೆಗತ್ತಲಲ್ಲಿ ಠಾಕೂರರ ವಿಧವೆ ಸೊಸೆ ಮಹಡಿಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ. ಕೆಳಗೆ ಕುಳಿತ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ಮಾತಿಲ್ಲ. ತೆರೆಯ ಮೇಲೆ ಕಾಣುವುದು ಅಮಿತಾಭ್ ಬಚ್ಚನ್. ನಿಜವಾಗಿ ನುಡಿಸಿದವರು ರಾಹುಲ್ ದೇವ್ ಬರ್ಮನ್ ತಂಡದ ಗಿಟಾರ್ ವಾದಕ ಭಾನು ಗುಪ್ತಾ. 2018ರಲ್ಲಿ ತೀರಿಕೊಂಡ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಕೌಬಾಯ್ ಎಂದರೆ ದನಗಾಹಿ. ದನ ಅಟ್ಟಿಕೊಂಡು ವಾರಗಟ್ಟಲೆ ನಡೆಯುವವನಿಗೆ ಜೇಬಿನಲ್ಲಿ ಹಿಡಿಸುವ ವಾದ್ಯವೇ ಬೇಕು. ಜರ್ಮನಿಯ ಟ್ರೊಸ್ಸಿಂಗೆನ್‌ನಲ್ಲಿ ಮಥಿಯಾಸ್ ಹೋನರ್ 1857ರಲ್ಲಿ ತಯಾರಿಸತೊಡಗಿದ ಈ ಪುಟ್ಟ ಪೆಟ್ಟಿಗೆ ಅಮೆರಿಕದಲ್ಲಿ ಮನೆಮಾತಾಯಿತು. ಸಾಮಾನ್ಯ ಮಾದರಿಯಲ್ಲಿ 10 ತೂತು, 20 ಹಿತ್ತಾಳೆ ನಾಲಿಗೆ. ಊದಿದಾಗ ಒಂದು ನಾಲಿಗೆ ಕಂಪಿಸಿದರೆ, ಉಸಿರೆಳೆದಾಗ ಅದೇ ತೂತಿನ ಇನ್ನೊಂದು ಕಂಪಿಸುತ್ತದೆ. ಕೊಳಲಿನಲ್ಲಿ ಒಳಗೆಳೆದ ಉಸಿರು ವ್ಯರ್ಥ. ಇಲ್ಲಿ ಅದೂ ಸ್ವರ. ನಿಟ್ಟುಸಿರಿನಂತೆ ಕೇಳಿಸುವುದು ಅದಕ್ಕೇ ಇರಬಹುದು.

ದೀಪದ ಆ ಎರಡು ಪುಟ್ಟ ದೃಶ್ಯಗಳಿಗೆ ಹಿಡಿದದ್ದು 20 ದಿನ! ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಬೇಕಾಗಿದ್ದುದು ಸೂರ್ಯ ಮುಳುಗಿದ ನಂತರದ ಬೆಳಕು. ಸಮಭಾಜಕಕ್ಕೆ ಹತ್ತಿರವಿರುವ ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಆದ್ದರಿಂದ ಸಂಧ್ಯಾಬೆಳಕು ಬೇಗ ಮುಗಿಯುತ್ತದೆ. ಲಂಡನ್ನಿನಲ್ಲಾದರೆ ಅದು ಓರೆಯಾಗಿ, ನಿಧಾನವಾಗಿ ಆರುತ್ತದೆ. ಇಲ್ಲಿ ಒಂದು ಶಾಟ್ ಕೆಟ್ಟರೆ ಮರುದಿನದ ಸಂಜೆಯೇ ಗತಿ.

2012ರಿಂದ ಈ ಬೆಟ್ಟ ರಣಹದ್ದುಗಳ ಅಭಯಧಾಮ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳನ್ನು ಬಹುಪಾಲು ಮುಗಿಸಿತು. ಇಲ್ಲಿಯ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನವು ತೀರಾ ಕೆಲವು. ಗದ್ದಲವಾದರೆ ಅವು ಬೆದರುತ್ತವೆ. ಜಯ್‌ನ ಆ ಧಾಟಿಯನ್ನು ಮೊಬೈಲಿನಲ್ಲಿ ಹಾಕಬೇಕೆನ್ನಿಸಿದರೆ ಬಿಡದಿಗೆ ಹಿಂತಿರುಗಿದ ಮೇಲೆ, ಎರಡನೇ ತಟ್ಟೆ ಇಡ್ಲಿಯ ಜೊತೆಗೆ ಹಾಕಿಕೊಳ್ಳಬಹುದು.